ಗಾಲಿ ಬಡಿಯುವವನ ಕಿವಿ

“ಗುರುಗಳೇ, ಇಂಗ್ಲಿಷಿನವರಿಗೆ ಎರಡು ಪದ ಇರುವ ಕಡೆ ನಮಗೆ ಒಂದೇ ಪದ ಇದ್ದರೆ, ನಮ್ಮ ಭಾಷೆ ಬಡ ಭಾಷೆ ಎಂದು ಅರ್ಥವೇ?”

ಕೇಳಿದವನು ಗುರುಶಾಂತ. ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವನು, ಈಗ ಪಟ್ಟಣದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ತಿಂಗಳಿಗೊಮ್ಮೆ ಗುರುಗಳನ್ನು ಕಾಣಲು ಬರುವುದು ಅವನ ರೂಢಿ. ಈ ಸಲ ನಮಸ್ಕಾರ ಮಾಡಿ ಕುಳಿತುಕೊಳ್ಳುವ ಮೊದಲೇ ಪ್ರಶ್ನೆಯನ್ನು ಮುಂದಿಟ್ಟ.

“ಯಾವ ಪದ?” ಎಂದರು ಗುರುಗಳು.

“ಹಿಯರ್ ಮತ್ತು ಲಿಸನ್. ಸುಮ್ಮನೆ ಕಿವಿಗೆ ಬಿದ್ದರೆ ಹಿಯರ್. ಮನಸ್ಸಿಟ್ಟರೆ ಲಿಸನ್. ಶಿಕ್ಷಕರ ತರಬೇತಿಯಲ್ಲಿ ವಿದ್ವಾಂಸರೊಬ್ಬರು ಇವೆರಡನ್ನೂ ಹಲಗೆಯ ಮೇಲೆ ಬರೆದು, ಕನ್ನಡದಲ್ಲಿ ಹೇಳಿ ಎಂದರು. ನಾನು ಎದ್ದು ನಿಂತೆ. ಮೊದಲನೆಯದಕ್ಕೆ ಕೇಳು ಎಂದೆ. ಎರಡನೆಯದಕ್ಕೂ ಬಾಯಿಗೆ ಬಂದದ್ದು ಕೇಳು. ಸಭೆ ನಕ್ಕಿತು.”

“ಆಲಿಸು ಎನ್ನಬಹುದಿತ್ತಲ್ಲ. ಕಿವಿಗೊಡು ಎನ್ನಬಹುದಿತ್ತು.”

“ಅಂದೆ. ‘ನಿಮ್ಮ ತಾಯಿ ನಿಮ್ಮನ್ನು ಗದರಿಸುವಾಗ ಆಲಿಸು ಎನ್ನುತ್ತಿದ್ದರೇ?’ ಎಂದರು ಅವರು. ಸುಳ್ಳು ಹೇಳಲಾಗಲಿಲ್ಲ. ‘ಇಲ್ಲ, ನನ್ನ ಮಾತು ಕೇಳು ಎನ್ನುತ್ತಿದ್ದಳು’ ಎಂದೆ. ‘ನೋಡಿದಿರಾ, ಕಿವಿಗೂ ಮನಸ್ಸಿಗೂ ವ್ಯತ್ಯಾಸ ತಿಳಿಯದ ಭಾಷೆ’ ಎಂದರು. ಮತ್ತೆ ಎಲ್ಲರೂ ನಕ್ಕರು. ಅವರ ಜೊತೆ ನಾನೂ ನಕ್ಕೆ, ಗುರುಗಳೇ. ಅದೇ ನನ್ನನ್ನು ಸುಡುತ್ತಿದೆ.”

ಗುರುಗಳು ಕುಳಿತಿದ್ದ ಚಾಪೆಯಲ್ಲೇ ಸರಿದು ಜಾಗ ಮಾಡಿಕೊಟ್ಟರು. ಗುರುಶಾಂತ ಕುಳಿತ. ಅವರು ಹೇಳತೊಡಗಿದರು.

ಕಲ್ಲಿದ್ದಲ ಎಂಜಿನ್ ಓಡುತ್ತಿದ್ದ ಕಾಲ. ಒಂದು ಸ್ಟೇಷನ್ನಿನಲ್ಲಿ ಒಬ್ಬ ಗಾಲಿ ಬಡಿಯುವವನಿದ್ದ. ಗಾಡಿ ಬಂದು ನಿಂತ ಕೂಡಲೇ ಉದ್ದ ಹಿಡಿಯ ಸುತ್ತಿಗೆ ಹಿಡಿದು ಒಂದೊಂದೇ ಗಾಲಿಗೆ ಹೊಡೆಯುವುದು ಅವನ ಕೆಲಸ. ಗಾಲಿ ಗಟ್ಟಿಯಾಗಿದ್ದರೆ ಗಂಟೆಯಂತೆ ನುಡಿಯುತ್ತದೆ. ಬಿರುಕು ಬಿಟ್ಟಿದ್ದರೆ ಒಡಕು ಮಡಕೆಯ ಸದ್ದು ಬರುತ್ತದೆ. ಅವನಪ್ಪನೂ ಅದೇ ಕೆಲಸ ಮಾಡಿದ್ದ. ಇಪ್ಪತ್ತಾರು ವರ್ಷದಲ್ಲಿ ಮಗನ ಕಿವಿ ಒಮ್ಮೆಯೂ ತಪ್ಪಿರಲಿಲ್ಲ. ಕೂದಲೆಳೆಯಷ್ಟು ಬಿರುಕನ್ನೂ ಅವನು ಹಿಡಿಯುತ್ತಿದ್ದ. ಹಮಾಲರು ಅವನನ್ನು ‘ಸ್ಟೇಷನ್ನಿನ ಕಿವಿ’ ಎಂದು ಕರೆಯುತ್ತಿದ್ದರು. ಆ ಹೆಸರು ಅವನಿಗೆ ಹಿಡಿಸಿತ್ತು. ಅದು ಅವನ ನಡಿಗೆಯಲ್ಲೇ ಕಾಣುತ್ತಿತ್ತು.

ಅವನಿಗೊಂದು ಹಟವಿತ್ತು. ಯಾರನ್ನೂ ಏನನ್ನೂ ವಿಚಾರಿಸುತ್ತಿರಲಿಲ್ಲ. ಡ್ರೈವರ್ ತಾನಾಗಿ ಏನಾದರೂ ಹೇಳಲು ಬಂದರೆ ಕೈಯೆತ್ತಿ ತಡೆದು, “ಗಾಲಿಯೇ ಹೇಳಲಿ” ಎನ್ನುತ್ತಿದ್ದ. ಕಿವಿಯಿಲ್ಲದವನು ಮಾತ್ರ ಬೇರೆಯವರ ಬಾಯಿ ನೋಡುತ್ತಾನೆ ಎಂಬುದು ಅವನ ನಂಬಿಕೆ.

ಆ ಸ್ಟೇಷನ್ನಿಗೆ ಹೊಸ ಎಂಜಿನಿಯರ್ ಒಬ್ಬ ತಪಾಸಣೆಗೆ ಬಂದ. ಸೀಮೆಗೆ, ಅಂದರೆ ಇಂಗ್ಲೆಂಡಿಗೆ, ಹೋಗಿ ಓದಿ ಬಂದವನು. ಕೆಟ್ಟವನಲ್ಲ. ಕೆಲಸದಲ್ಲಿ ಶ್ರದ್ಧೆಯಿದ್ದವನು. ಬಂದ ದಿನ ಬೆಳಿಗ್ಗೆ ಕೆಲಸದವರನ್ನೆಲ್ಲ ಪ್ಲಾಟ್‌ಫಾರ್ಮಿನಲ್ಲಿ ಸಾಲಾಗಿ ನಿಲ್ಲಿಸಿ ನಿನ್ನ ವಿದ್ವಾಂಸರಂತೆಯೇ ಪಾಠ ಹೇಳಿದ. “ಇಂಗ್ಲಿಷಿನಲ್ಲಿ ಹಿಯರ್ ಬೇರೆ, ಲಿಸನ್ ಬೇರೆ. ನಿಮ್ಮಲ್ಲಿ ಬಹಳ ಜನ ಹಿಯರ್ ಮಾತ್ರ ಮಾಡುತ್ತೀರಿ. ಲಿಸನ್ ಮಾಡುವುದನ್ನು ಕಲಿಯಬೇಕು. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇರುವುದರಿಂದ ನಿಮಗೆ ಇದು ಹೊಸದಾಗಿ ಕಾಣಬಹುದು” ಎಂದ.

ಉಳಿದವರು ತಲೆ ತಗ್ಗಿಸಿದರು. ಗಾಲಿ ಬಡಿಯುವವನು ಮಾತ್ರ ತಲೆ ತಗ್ಗಿಸಲಿಲ್ಲ. ‘ಪದ ಗೊತ್ತಿರಲಿಲ್ಲ, ಅಷ್ಟೇ. ಇಪ್ಪತ್ತಾರು ವರ್ಷದಿಂದ ನಾನು ಮಾಡಿದ್ದು ಲಿಸನ್ನೇ’ ಎಂದುಕೊಂಡ. ಎದೆ ಇನ್ನಷ್ಟು ಉಬ್ಬಿತು.

ಆ ದಾರಿಗೆ ಇದ್ದದ್ದು ಒಂದೇ ಹಳಿ. ಸ್ಟೇಷನ್ನಿನಿಂದ ಪಶ್ಚಿಮಕ್ಕೆ ನಾಲ್ಕು ಮೈಲಿ ದೂರದಲ್ಲಿ ನದಿ, ನದಿಗೊಂದು ಸೇತುವೆ. ಸೇತುವೆಗೆ ಎಷ್ಟು ಕಣ್ಣು ಎಂದು ನನ್ನನ್ನು ಕೇಳಬೇಡ, ನೆನಪಿಲ್ಲ. ಬೆಳಗಿನ ಗಾಡಿ ಸೇತುವೆ ದಾಟಿ ಬಂದು ಈ ಸ್ಟೇಷನ್ನಿನಲ್ಲಿ ನೀರು ಕುಡಿಯುತ್ತಿತ್ತು. ಅದು ಬರುವವರೆಗೆ ಪೂರ್ವದಿಂದ ಬಂದ ಗಾಡಿ ಸ್ಟೇಷನ್ನಿನ ಪಕ್ಕದ ಹಳಿಯಲ್ಲಿ ಕಾಯುತ್ತಿತ್ತು. ಬೆಳಗಿನ ಗಾಡಿ ಬಂದ ಮೇಲೆ ಪೂರ್ವದ ಗಾಡಿ ಹೊರಟು ಅದೇ ಸೇತುವೆಯ ಮೇಲೆ ಪಶ್ಚಿಮಕ್ಕೆ ಹೋಗಬೇಕು. ಅಂದು ಪೂರ್ವದ ಗಾಡಿಗೆ ದೊಡ್ಡ ಎಂಜಿನ್, ಹನ್ನೊಂದು ಡಬ್ಬಿ, ಡಬ್ಬಿ ತುಂಬ ಜನ. ಕೊನೆಯ ಡಬ್ಬಿ ಎಂಜಿನಿಯರ್ ಸಾಹೇಬನದು. ಅವನೂ ಅದರಲ್ಲೇ ಹೋಗುವವನಿದ್ದ.

ಬೆಳಗಿನ ಗಾಡಿ ಬಂತು. ಆರು ಡಬ್ಬಿ. ಡ್ರೈವರ್ ಕೆಳಗಿಳಿದವನೇ ಹೇಳಿದ: “ದಾರಿಯಲ್ಲಿ ಎಲ್ಲೋ ಒಂದು ಕಡೆ ಏನೋ ತಟ್ಟಿದಂತಾಯಿತು. ಎಂಜಿನ್ನಿನ ಗದ್ದಲದಲ್ಲಿ ಏನು, ಎಲ್ಲಿ ಎಂದು ತಿಳಿಯಲಿಲ್ಲ. ಗಾಲಿ ಇರಬೇಕು, ನೋಡು.”

ಗಾಲಿ ಬಡಿಯುವವನು ಕೆಲಸಕ್ಕೆ ಇಳಿದ. ಡಬ್ಬಿಗೆ ನಾಲ್ಕು ಗಾಲಿ. ಒಂದಾದ ಮೇಲೊಂದು ಬಡಿದ. ಎಂಜಿನಿಯರ್ ಸಾಹೇಬ ಜೊತೆಯಲ್ಲೇ ಬಂದ. ಕೋಟಿಗೆ ಮಸಿಯಾದರೂ ಲೆಕ್ಕಿಸದೆ ಬಗ್ಗಿ ಪ್ರತಿ ಗಾಲಿಗೂ ಕಿವಿ ಕೊಟ್ಟ. ಎಲ್ಲವೂ ಗಂಟೆಯಂತೆ ನುಡಿದವು. ಎಂಜಿನ್ನಿನ ಗಾಲಿಗಳೂ ನುಡಿದವು. ಇನ್ನೊಂದು ಸುತ್ತು ಬಡಿದರು. ಒಂದು ಗಾಲಿಯೂ ಒಡಕು ದನಿ ಕೊಡಲಿಲ್ಲ.

“ಹಿಯರ್ ಮಾಡಿದ್ದಾಯಿತು, ಲಿಸನ್ ಮಾಡಿದ್ದೂ ಆಯಿತು. ದೋಷವಿಲ್ಲ. ಡ್ರೈವರನಿಗೆ ಭ್ರಮೆ” ಎಂದ ಸಾಹೇಬ. ಗಾಲಿ ಬಡಿಯುವವನನ್ನು ನೋಡಿ, “ನಿನ್ನ ಕಿವಿ ದೊಡ್ಡದು. ನೀನೇನೆನ್ನುತ್ತೀ?” ಎಂದ.

“ಗಾಲಿ ಗಟ್ಟಿ ಇವೆ, ಸಾಹೇಬರೇ” ಎಂದ ಅವನು. ಅದು ನಿಜವೂ ಆಗಿತ್ತು.

ಪೂರ್ವದ ಗಾಡಿಯನ್ನು ಬಿಡಲು ಸ್ಟೇಷನ್ ಮಾಸ್ತರನಿಗೆ ಹೇಳಿಕಳಿಸಿ ಸಾಹೇಬ ಚಹಾ ಕುಡಿಯಲು ಹೋದ. ಗಾಲಿ ಬಡಿಯುವವನು ಸುತ್ತಿಗೆಯನ್ನು ಹೆಗಲಿಗೇರಿಸಿ ಹೊರಟ. ಅವನ ಕೆಲಸ ಮುಗಿದಿತ್ತು. ಗಾಲಿ ಬಡಿಯುವವನು ಗಾಲಿಗೆ ಜವಾಬು ಕೊಟ್ಟರೆ ಸಾಕು. ಅದಕ್ಕಿಂತ ಹೆಚ್ಚು ಯಾರೂ ಅವನಿಂದ ಬಯಸುತ್ತಿರಲಿಲ್ಲ.

ನಾಲ್ಕು ಹೆಜ್ಜೆ ಹೋಗಿ ನಿಂತ.

ಆ ಡ್ರೈವರನನ್ನು ಅವನು ಬಲ್ಲ. ಇಲ್ಲದ್ದನ್ನು ಇದೆ ಎನ್ನುವವನಲ್ಲ. ಗಾಲಿಯೂ ಸುಳ್ಳು ಹೇಳುವುದಿಲ್ಲ. ಇಬ್ಬರೂ ನಿಜ ಹೇಳುತ್ತಿದ್ದಾರೆ ಎಂದಾದರೆ ಅವರಿಬ್ಬರಿಗೂ ಗೊತ್ತಿಲ್ಲದ್ದು ಏನೋ ಉಳಿದಿದೆ. ಅದು ತನಗೂ ಗೊತ್ತಿಲ್ಲ. ತನ್ನ ಕಿವಿ ಎಷ್ಟು ದೊಡ್ಡದಾದರೂ ಅದು ಇರುವುದು ಸ್ಟೇಷನ್ನಿನಲ್ಲಿ. ತಟ್ಟಿದ್ದು ದಾರಿಯಲ್ಲಿ.

ಅವನು ನಿಂತದ್ದು ಎರಡನೆಯ ಡಬ್ಬಿಯ ಮುಂದೆ. ಕಿಟಕಿಯ ಹತ್ತಿರ ಬಳೆಗಾರ್ತಿಯೊಬ್ಬಳು ಕುಳಿತಿದ್ದಳು. ತೊಡೆಯ ಮೇಲೆ ಬಳೆಯ ಬುಟ್ಟಿ. ಒಂದೊಂದೇ ಬಳೆಯನ್ನು ಎತ್ತಿ ಇನ್ನೊಂದಕ್ಕೆ ಮೆಲ್ಲಗೆ ತಾಗಿಸಿ ಕಿವಿಯ ಬಳಿ ಹಿಡಿಯುತ್ತಿದ್ದಳು. ಕೆಲವನ್ನು ಬುಟ್ಟಿಗೆ ಹಾಕಿದಳು. ಒಂದನ್ನು ಕಿಟಕಿಯ ಹೊರಗೆ ಎಸೆದಳು.

ಅವನು ಬಹಳ ಹೊತ್ತು ನೋಡಿದ. ತನ್ನದೇ ಕೆಲಸವನ್ನು ಬೇರೆಯವರು ಮಾಡುವುದನ್ನು ಅವನು ಅದುವರೆಗೆ ಕಂಡಿರಲಿಲ್ಲ. ಹಮಾಲರು ಅಲ್ಲೇ ಗುಂಪಾಗಿ ನಿಂತಿದ್ದರು. ಇಪ್ಪತ್ತಾರು ವರ್ಷದ ಹಟ ಅಡ್ಡ ಬಂತು. ಆದರೂ ಬಾಯಿ ಬಿಟ್ಟ.

“ಏನು ಕೇಳುತ್ತಿದ್ದೀ, ತಾಯಿ?”

“ಬಿರುಕು ಕೇಳುತ್ತಿದ್ದೇನಣ್ಣ. ಸೇತುವೆಯ ಮೇಲೆ ಬುಟ್ಟಿ ಎಗರಿತು. ಎಷ್ಟು ಒಡೆದವೋ ನೋಡಬೇಕು.”

“ದಿನವೂ ಎಗರುತ್ತದೆಯೇ?”

“ಇಲ್ಲ. ಸೇತುವೆ ಬಂತೆಂದರೆ ಗಾಡಿಯ ಸದ್ದು ಟೊಳ್ಳಾಗುತ್ತದೆ. ಆಗ ನಾನು ಬುಟ್ಟಿಯನ್ನು ತೊಡೆಗೆ ಎತ್ತಿಕೊಳ್ಳುತ್ತೇನೆ. ಬಳೆ ಸುಮ್ಮನೆ ಗುನುಗುತ್ತವೆ, ಅಷ್ಟೇ. ಇವತ್ತು ಆ ಟೊಳ್ಳು ಸದ್ದಿನ ನಡುವೆ ಠಣ್ ಎಂದು ತಟ್ಟಿತು. ಮೊದಲು ಡಬ್ಬಿಯ ಮುಂದುಗಡೆ, ಆಮೇಲೆ ಹಿಂದುಗಡೆ. ಎರಡೇ ಸಲ. ಆಮೇಲೆ ಇಲ್ಲಿಯವರೆಗೆ ಒಂದೂ ಇಲ್ಲ.”

ಅವನು ಮುಂದಿನ ಮಾತಿಗೆ ನಿಲ್ಲಲಿಲ್ಲ. ನಾಲ್ಕನೆಯ ಡಬ್ಬಿಗೆ ಹೋದ. ಅಲ್ಲೊಬ್ಬ ರೈತ ಮೇಕೆಯ ಹಗ್ಗ ಹಿಡಿದು ಕುಳಿತಿದ್ದ. “ದಾರಿಯಲ್ಲಿ ಏನಾದರೂ ತಟ್ಟಿತೇ, ಯಜಮಾನರೇ?” ಎಂದು ಕೇಳಿದ.

“ನಾನು ನಿದ್ದೆ ಮಾಡಿದ್ದೆನಪ್ಪ. ಸೇತುವೆಯ ಮೇಲೆ ತಟ್ಟಿತು ನೋಡು, ಎಚ್ಚರವಾಯಿತು. ಎಚ್ಚರವಾದ ಮೇಲೆ ಇನ್ನೊಂದು ಸಲ ತಟ್ಟಿತು.”

“ಅಲ್ಲಿಗೆ ಎರಡು.”

“ಎರಡು. ಅದಕ್ಕಿಂತ ಹೆಚ್ಚಿಲ್ಲ.”

ಅದೇ ಗಾಡಿಯ ಕೊನೆಯ ಡಬ್ಬಿಗೆ ಓಡಿದ. ಅಲ್ಲಿ ಎಳೆಗೂಸಿನ ತಾಯಿಯೊಬ್ಬಳಿದ್ದಳು. ಅವಳು ಹೇಳಿದ್ದೂ ಅದೇ. ಸೇತುವೆಯ ನಡುವೆ ಮಗು ಎರಡು ಸಲ ಬೆಚ್ಚಿತು, ಮತ್ತೆ ಮಲಗಿತು.

ಹಮಾಲರಲ್ಲಿ ಒಬ್ಬ ಜೋರಾಗಿ ಹೇಳಿದ: “ನೋಡ್ರಪ್ಪ, ಸ್ಟೇಷನ್ನಿನ ಕಿವಿ ಭಿಕ್ಷೆಗೆ ಹೊರಟಿದೆ.” ಉಳಿದವರು ನಕ್ಕರು. ಬೇರೆ ದಿನವಾಗಿದ್ದರೆ ಆ ಮಾತಿಗೆ ಅವನು ಆ ಹಮಾಲನ ಕುತ್ತಿಗೆ ಹಿಡಿಯುತ್ತಿದ್ದ. ಅಂದು ತಿರುಗಿಯೂ ನೋಡಲಿಲ್ಲ. ಅವನ ತಲೆಯಲ್ಲಿ ಒಂದೇ ವಿಚಾರ ಓಡುತ್ತಿತ್ತು. ಗಾಲಿ ಕೆಟ್ಟಿದ್ದರೆ ಒಂದೇ ಡಬ್ಬಿಯವರಿಗೆ ತಿಳಿಯಬೇಕು, ದಾರಿಯುದ್ದಕ್ಕೂ ತಟ್ಟುತ್ತಲೇ ಇರಬೇಕು. ಇಲ್ಲಿ ಮೂರು ಡಬ್ಬಿಯವರಿಗೂ ತಟ್ಟಿದೆ. ಒಂದೇ ಜಾಗದಲ್ಲಿ ತಟ್ಟಿದೆ. ಮುಂದಿನ ಗಾಲಿಗೊಮ್ಮೆ, ಹಿಂದಿನ ಗಾಲಿಗೊಮ್ಮೆ. ಹಾಗಾದರೆ ಒಡೆದಿರುವುದು ಗಾಲಿಯಲ್ಲ. ಹಳಿ.

ಆಗ ಪೂರ್ವದ ಗಾಡಿ ಸಿಳ್ಳೆ ಹಾಕಿತು. ಗಾರ್ಡ್ ಹಸಿರು ಬಾವುಟ ಎತ್ತಿದ್ದ.

ಅವನು ಪ್ಲಾಟ್‌ಫಾರ್ಮಿನಿಂದ ಹಾರಿ, ಹಳಿ ದಾಟಿ, ಎಂಜಿನ್ನಿನ ಮುಂದೆ ನಿಂತ. ಸುತ್ತಿಗೆಯನ್ನು ಎರಡು ಕೈಯಿಂದ ತಲೆಯ ಮೇಲೆ ಅಡ್ಡ ಹಿಡಿದ. ಚಲಿಸತೊಡಗಿದ್ದ ಎಂಜಿನ್ ಅವನಿಂದ ಮಾರುದೂರದಲ್ಲಿ ನಿಂತಿತು. ಜನ ಕಿಟಕಿಯಿಂದ ತಲೆ ಹಾಕಿದರು. ಸ್ಟೇಷನ್ ಮಾಸ್ತರ ಬೈಯುತ್ತ ಓಡಿಬಂದ. ಸಾಹೇಬ ತನ್ನ ಡಬ್ಬಿಯಿಂದ ಇಳಿದು ಬಂದ.

“ಇದಕ್ಕೆ ನಿನ್ನ ಕೆಲಸ ಹೋಗುತ್ತದೆ, ಗೊತ್ತೇ? ಏನು ಕೇಳಿಸಿತು ನಿನಗೆ?”

“ನನಗೆ ಏನೂ ಕೇಳಿಸಲಿಲ್ಲ, ಸಾಹೇಬರೇ. ಸೇತುವೆಯ ಮೇಲೆ ಹಳಿ ಒಡೆದಿದೆ.”

“ಏನೂ ಕೇಳಿಸದೆ ನಾಲ್ಕು ಮೈಲಿ ಆಚೆಯ ಹಳಿ ಒಡೆದದ್ದು ನಿನಗೆ ಹೇಗೆ ಗೊತ್ತು?”

ಅವನು ವಾದ ಮಾಡಲಿಲ್ಲ. ಹಳಿಯ ನಡುವಿನಿಂದ ಕದಲಲೂ ಇಲ್ಲ. “ನಾನು ಹೇಳಿದರೆ ನೀವು ನಂಬಬೇಕಾಗಿಲ್ಲ. ಆ ಗಾಡಿಯಲ್ಲಿ ಬಂದವರು ಇನ್ನೂ ಅಲ್ಲೇ ಕುಳಿತಿದ್ದಾರೆ. ಯಾರಾದರೂ ಒಬ್ಬರನ್ನು ನೀವೇ ಹೋಗಿ ಕೇಳಿ. ನನ್ನದು ತಪ್ಪಾದರೆ ಈ ಸುತ್ತಿಗೆ ನಿಮ್ಮದು. ಈ ಗಾಡಿ ಮಾತ್ರ ನೀವು ಕೇಳಿ ಬರುವವರೆಗೆ ನನ್ನನ್ನು ದಾಟಿ ಹೋಗುವುದಿಲ್ಲ” ಎಂದ.

ಸಾಹೇಬ ಅವನ ಮುಖವನ್ನು ನೋಡಿದ. ಸಿಟ್ಟಿನಲ್ಲೂ ಅವನಿಗೆ ವಿವೇಕವಿತ್ತು. ತಿರುಗಿ ಬೆಳಗಿನ ಗಾಡಿಯ ಹತ್ತಿರ ನಡೆದ. ಮೊದಲು ಕಂಡದ್ದು ಬಳೆಗಾರ್ತಿಯ ಕಿಟಕಿ. ಅದರ ಮುಂದೆ ನಿಂತ. ಹೇಗೆ ಮಾತು ತೆಗೆಯಬೇಕೆಂದು ಅವನಿಗೆ ತಿಳಿಯಲಿಲ್ಲ. ಅವನು ದೊಡ್ಡವರ ಮಾತು ಕೇಳಿಸಿಕೊಂಡಿದ್ದ, ಯಂತ್ರಗಳಿಗೆ ಕಿವಿ ಕೊಟ್ಟಿದ್ದ. ಕಿಟಕಿಯ ಬಳಿ ಕುಳಿತ ಬಳೆಗಾರ್ತಿಯನ್ನು ತನಗೆ ತಿಳಿಯದ್ದೊಂದನ್ನು ಕೇಳುವ ಸಂದರ್ಭ ಅವನಿಗೆ ಬಂದಿರಲಿಲ್ಲ. ಟೋಪಿ ತೆಗೆದ. “ಅಮ್ಮ, ಸೇತುವೆಯ ಮೇಲೆ ಏನಾಯಿತು?” ಎಂದ.

ಅವಳು ಗಾಲಿ ಬಡಿಯುವವನಿಗೆ ಹೇಳಿದ್ದನ್ನೇ ಹೇಳಿದಳು. ಹೇಳಿ ಮುಗಿಸಿ ಒಂದು ಮಾತು ಸೇರಿಸಿದಳು.

“ಹನ್ನೆರಡು ವರ್ಷದಿಂದ ಈ ಗಾಡಿಯಲ್ಲಿ ಓಡಾಡುತ್ತಿದ್ದೇನೆ, ಸಾಹೇಬರೇ. ನಿಮ್ಮವರು ಟಿಕೆಟ್ ಕೇಳಿದ್ದಾರೆ. ಬೇರೆ ಏನನ್ನಾದರೂ ಕೇಳಿದ್ದು ಇವತ್ತೇ ಮೊದಲು.”

ಸಾಹೇಬ ಟೋಪಿ ಹಾಕಿಕೊಳ್ಳಲಿಲ್ಲ. ಅದನ್ನು ಕೈಯಲ್ಲೇ ಹಿಡಿದು ಬಂದು ಪೂರ್ವದ ಗಾಡಿಯನ್ನು ತಡೆಯಲು ಆಜ್ಞೆ ಮಾಡಿದ. ತಳ್ಳುವ ಟ್ರಾಲಿ ತರಿಸಿದ. ತಾನೂ ಹತ್ತಿದ, ಗಾಲಿ ಬಡಿಯುವವನನ್ನೂ ಹತ್ತಿಸಿಕೊಂಡ.

ಸೇತುವೆಯ ಮೊದಲ ಕಂಬದ ಬಳಿ ಟ್ರಾಲಿ ನಿಲ್ಲಿಸಿ ನಡೆದು ಹೋದರು. ಎಂಜಿನ್ನಿನ ಮುಂದೆ ನಿಂತಾಗ ಇಲ್ಲದ ಭಯ ಗಾಲಿ ಬಡಿಯುವವನಿಗೆ ಈಗ ಬಂದಿತ್ತು. ಹಳಿ ಗಟ್ಟಿಯಾಗಿದ್ದರೆ? ಮೂವರು ಪ್ರಯಾಣಿಕರ ಮಾತು ನಂಬಿ ಅಪ್ಪನ ಹೆಸರನ್ನೂ ತನ್ನ ಹೆಸರನ್ನೂ ಅವನು ಒತ್ತೆಯಿಟ್ಟಿದ್ದ.

ಸೇತುವೆಯ ನಡುಭಾಗಕ್ಕೆ ಬಂದರು. ಎಡಗಡೆಯ ಹಳಿ ತುಂಡಾಗಿತ್ತು. ಸಾಹೇಬ ಮೊಣಕಾಲೂರಿ ಆ ಸಂದಿನಲ್ಲಿ ಕೈ ಇಟ್ಟ. ನಾಲ್ಕು ಬೆರಳು ಹಿಡಿಸಿದವು. ಹಳಿಯನ್ನು ಹಿಡಿದಿದ್ದ ಮರದ ದಿಮ್ಮಿಯೂ ಸೀಳಿತ್ತು. ಆರು ಡಬ್ಬಿಯ ಹಗುರ ಗಾಡಿ ಹೇಗೋ ಹಾರಿ ಬಂದಿತ್ತು. ಹನ್ನೊಂದು ಡಬ್ಬಿಯ ಗಾಡಿ ದಾಟುತ್ತಿರಲಿಲ್ಲ. ಕೆಳಗೆ ನದಿ ತುಂಬಿ ಹರಿಯುತ್ತಿತ್ತು.

ಸಾಹೇಬ ಎದ್ದ. ಕೆಂಪು ಬಾವುಟವನ್ನು ಬೇರೆಯವರಿಗೆ ಕೊಡದೆ ತಾನೇ ನೆಟ್ಟ. ಗಾಲಿ ಬಡಿಯುವವನು ತುಂಡಾದ ಹಳಿಗೆ ಒಮ್ಮೆ ಸುತ್ತಿಗೆಯಿಂದ ತಟ್ಟಿದ. ಒಡಕು ಸದ್ದು ಬಂತು. ಆ ಸದ್ದು ಕೇಳಿ ಅವನು ಅತ್ತ. ಯಾಕೆ ಅತ್ತೆನೆಂದು ಅವನಿಗೆ ಕೊನೆಯವರೆಗೂ ಹೇಳಲು ಬರಲಿಲ್ಲ.

ಹಳಿ ಬದಲಿಸಲು ಸಂಜೆಯಾಯಿತು. ಎರಡೂ ಗಾಡಿಯ ಜನ ಅಲ್ಲಿಯವರೆಗೆ ಸ್ಟೇಷನ್ನಿನಲ್ಲೇ ಉಳಿದರು. ವಿಷಯ ಬಾಯಿಂದ ಬಾಯಿಗೆ ಹೋಗಿತ್ತು. ಗಾಲಿ ಬಡಿಯುವವನು ಹಿಂತಿರುಗಿದಾಗ ಬೆಳಿಗ್ಗೆ ನಕ್ಕಿದ್ದ ಹಮಾಲನೇ ಮುಂದೆ ಬಂದು ಅವನ ಹೆಗಲ ಸುತ್ತಿಗೆಯನ್ನು ತಾನು ಹೊತ್ತುಕೊಂಡ.

ಸ್ಟೇಷನ್ ಮಾಸ್ತರನ ಕೋಣೆಯಲ್ಲಿ ಕುಳಿತು ಸಾಹೇಬ ಮೇಲಿನವರಿಗೆ ವರದಿ ಬರೆದ. ಇಂಗ್ಲಿಷಿನಲ್ಲಿ ಬರೆದ. ಗಾಲಿ ಬಡಿಯುವವನನ್ನು ಎದುರಿಗೆ ಕೂರಿಸಿಕೊಂಡು, “ನಿನ್ನ ಹೆಸರು ಮೇಲಿನವರೆಗೆ ಹೋಗುತ್ತದೆ. ಏನು ಬರೆದಿದ್ದೇನೆ ಕೇಳು” ಎಂದು ಕನ್ನಡದಲ್ಲಿ ಓದಿ ಹೇಳಿದ. “ಈ ಸ್ಟೇಷನ್ನಿನ ಗಾಲಿ ಬಡಿಯುವವನು ತನ್ನ ಅಸಾಧಾರಣ ಕಿವಿಯಿಂದ ದೋಷವನ್ನು ಕೇಳಿಸಿಕೊಂಡು ಗಾಡಿಯನ್ನು ಉಳಿಸಿದ್ದಾನೆ.” ಅದು ಹೊಗಳಿಕೆ. ಇಪ್ಪತ್ತಾರು ವರ್ಷದಲ್ಲಿ ಅವನ ಬಗ್ಗೆ ಯಾರೂ ಕಾಗದದ ಮೇಲೆ ಹೊಗಳಿಕೆ ಬರೆದಿರಲಿಲ್ಲ. ಒಪ್ಪಿಕೊಂಡಿದ್ದರೆ ಯಾರಿಗೂ ನಷ್ಟವಿರಲಿಲ್ಲ.

“ತಪ್ಪಾಗಿದೆ, ಸಾಹೇಬರೇ” ಎಂದ ಅವನು. “ನನಗೆ ಕೇಳಿಸಲಿಲ್ಲ. ನಾನು ಕೇಳಿದೆ.”

ಸಾಹೇಬನ ಲೇಖನಿ ನಿಂತಿತು. ತಾನು ಬರೆದ ಪದವನ್ನು ನೋಡಿದ. ಹಿಯರ್ ಎಂದಿತ್ತು. ಅದನ್ನು ಹೊಡೆದುಹಾಕಿ ಮೇಲೆ ಲಿಸನ್ ಎಂದು ಬರೆದ. ಅದೂ ಸುಳ್ಳು. ಗಾಲಿಗೆ ಕಿವಿ ಕೊಟ್ಟದ್ದು ಇಬ್ಬರೂ, ಇಬ್ಬರಿಗೂ ಏನೂ ದಕ್ಕಿರಲಿಲ್ಲ. ಅದನ್ನೂ ಹೊಡೆದುಹಾಕಿದ. ಎದುರಿಗೆ ಕುಳಿತವನು ಆಡಿದ ಮಾತನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡ. ಕೇಳಿದೆ. ಕೇಳಿದೆ. ಕೊನೆಗೆ ಅವನ ಇಂಗ್ಲಿಷಿನಲ್ಲಿ ಮೂರನೆಯದೊಂದು ಪದ ಹುಡುಕಿ ಬರೆಯಬೇಕಾಯಿತು.

“ಇನ್ನೂ ಒಂದಿದೆ” ಎಂದ ಗಾಲಿ ಬಡಿಯುವವನು. “ಕೇಳಿದವನ ಹೆಸರು ಬರೆದಿರಿ. ಹೇಳಿದವಳ ಹೆಸರಿಲ್ಲ.”

ಇಬ್ಬರಿಗೂ ಅವಳ ಹೆಸರು ಗೊತ್ತಿರಲಿಲ್ಲ. ಎದ್ದು ಹೊರಗೆ ಬಂದರು. ಬಳೆಗಾರ್ತಿ ಬೇವಿನ ಮರದ ಕೆಳಗೆ ಕುಳಿತು ಎಳೆಗೂಸಿನ ತಾಯಿಗೆ ಬಳೆ ತೊಡಿಸುತ್ತಿದ್ದಳು. ಸಾಹೇಬ ಹೆಸರು ಕೇಳಿದ. ಅವಳು ಕೈಯಲ್ಲಿದ್ದ ಕೆಲಸ ಮುಗಿಸಿ, ಸೆರಗು ಸರಿಪಡಿಸಿಕೊಂಡು, ಎದ್ದು ನಿಂತು ಹೇಳಿದಳು.

“ಕಾಶವ್ವ. ಬಳೆಗಾರ ಕಾಶವ್ವ ಎಂದು ಪೂರಾ ಬರೆಯಿರಿ.”

ಪೂರಾ ಬರೆದರು.

ಗಾಲಿ ಬಡಿಯುವವನು ಇನ್ನೂ ಎಂಟು ವರ್ಷ ಆ ಸ್ಟೇಷನ್ನಿನಲ್ಲಿ ಕೆಲಸ ಮಾಡಿದ. ಅವನ ನಡಿಗೆ ಬದಲಾಗಲಿಲ್ಲ, ಎದೆ ಮೊದಲಿನಂತೆಯೇ ಉಬ್ಬಿರುತ್ತಿತ್ತು. ಆದರೆ ಗಾಲಿ ಬಡಿದಾದ ಮೇಲೆ ಪ್ರತಿ ಡಬ್ಬಿಯ ಕಿಟಕಿಯ ಮುಂದೂ ನಿಂತು, “ದಾರಿ ಹೇಗಿತ್ತು?” ಎಂದು ಒಬ್ಬರನ್ನಾದರೂ ಕೇಳಿಯೇ ಮುಂದೆ ಹೋಗುತ್ತಿದ್ದ. ಕೆಲಸದವರ ಸಾಲಿನ ಮುಂದೆ ಎರಡು ಪದಗಳ ಪಾಠವನ್ನು ಸಾಹೇಬ ಮತ್ತೆ ಹೇಳಲಿಲ್ಲ. ಯಾವ ಸ್ಟೇಷನ್ನಿಗೆ ಹೋದರೂ ಮೊದಲು ಹಮಾಲರ ಬಳಿ ಹೋಗಿ ನಿಲ್ಲುತ್ತಿದ್ದನಂತೆ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಗುರುಶಾಂತ ತಲೆ ಎತ್ತಿದ. ಅವನ ಮುಖ ಅರಳಿತ್ತು.

“ಎರಡಲ್ಲ ಗುರುಗಳೇ, ಮೂರು! ಕಿವಿಗೆ ಬೀಳುವುದೂ ಕೇಳುವುದು, ಮನಸ್ಸಿಡುವುದೂ ಕೇಳುವುದು, ತಿಳಿಯದ್ದನ್ನು ವಿಚಾರಿಸುವುದೂ ಕೇಳುವುದು. ಅವರು ಮೂರು ಪದ ಮಾಡಿ ಮೂರು ಕಡೆ ಇಟ್ಟರು. ನಮ್ಮ ಹಿರಿಯರು ಮೂರನ್ನೂ ಒಂದೇ ಪದದಲ್ಲಿ ಕಟ್ಟಿದರು. ಮೂರನೆಯದನ್ನು ಮಾಡದವನು ಮೊದಲೆರಡನ್ನು ಮಾಡಿಯೂ ಪೂರ್ತಿ ಕೇಳಿದಂತಾಗಲಿಲ್ಲ ಎಂದಲ್ಲವೇ? ಇದು ಬಡತನವಲ್ಲ!”

“ಬಡತನವೆಂದು ನನಗೂ ಯಾವತ್ತೂ ಅನ್ನಿಸಿಲ್ಲ” ಎಂದರು ಗುರುಗಳು. “ನಿನ್ನ ತಾಯಿ ಸರಿಯಾದ ಪದವನ್ನೇ ಕಲಿಸಿದ್ದಾಳೆ. ಅದನ್ನು ತಲೆಯೆತ್ತಿ ಆಡು.”

ಗುರುಶಾಂತ ಎದ್ದು ನಿಂತ. ಬಂದಾಗ ಬಾಗಿದ್ದ ಬೆನ್ನು ನೇರವಾಗಿತ್ತು. “ನಾಳೆಯೂ ತರಬೇತಿ ಇದೆ. ಆ ವಿದ್ವಾಂಸರಿಗೆ, ಆ ಸಭೆಗೆ, ನಕ್ಕವರಿಗೆಲ್ಲ ಇದನ್ನು ಹೇಳಿಯೇ ಬರುತ್ತೇನೆ. ಅಪ್ಪಣೆ ಕೊಡಿ” ಎಂದು ಕಾಲಿಗೆ ಬಿದ್ದ.

ಗುರುಗಳು ಅವನ ತಲೆಯ ಮೇಲೆ ಕೈ ಇಟ್ಟರು.

“ಹೋಗು ಮಗನೇ. ಆದರೆ ಹೇಳಲು ಹೋಗಬೇಡ, ಕೇಳಲು ಹೋಗು.”